ಓದಿಗೆಂದು ಟ್ಯಾಬ್ ಕೊಳ್ಳುವವರು ಮೊದಲು ಪುಟವನ್ನು ಅಳೆಯಬೇಕು

ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲಾಗಲಿ, ಬೆಳಗಾವಿಯ ಖಡೇಬಜಾರಿನಲ್ಲಾಗಲಿ ಮೊಬೈಲ್ ಅಂಗಡಿಗೆ ಹೋಗಿ ಟ್ಯಾಬ್ ತೋರಿಸಿ ಎಂದು ಕೇಳಿದರೆ, ಅಂಗಡಿಯವರು ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಯಾವ ಕಾರ್ಡಿಗೆ ಎಷ್ಟು ರಿಯಾಯಿತಿ ಎಂಬ ವಿವರಗಳಿಂದಲೇ ಮಾತು ಆರಂಭಿಸುತ್ತಾರೆ. ಓದುವುದಕ್ಕಾಗಿ ಕೊಳ್ಳುವವರಿಗೆ ಇವು ಮೂರನೆಯ ಅಥವಾ ನಾಲ್ಕನೆಯ ಪ್ರಶ್ನೆಗಳು. ಮೊದಲ ಪ್ರಶ್ನೆ, ನೀವು ದಿನನಿತ್ಯ ಓದುವ ಪುಟದ ಅಗಲ ಎಷ್ಟು ಇಂಚು ಎಂಬುದು. ಅದಕ್ಕೆ ಉತ್ತರ ಸಿಕ್ಕರೆ ಟ್ಯಾಬ್ ಬೇಕೋ ಬೇಡವೋ, ಬೇಕಾದರೆ ಎಷ್ಟು ದೊಡ್ಡದು ಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ. ಆ ಉತ್ತರಕ್ಕೆ ಬೇಕಾಗುವ ಉಪಕರಣ ಶಾಲೆಯ ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿರುವ ಅಡಿಪಟ್ಟಿ ಮಾತ್ರ.

ಅಡಿಪಟ್ಟಿಯಿಂದ ಆರಂಭಿಸಿ

ನಿಮ್ಮ ಕಪಾಟಿನಲ್ಲಿರುವ ಕಾದಂಬರಿಯನ್ನೋ ಪ್ರಬಂಧ ಸಂಕಲನವನ್ನೋ ತೆಗೆದು ಅಳೆಯಿರಿ. ಕನ್ನಡದ ಬಹುಪಾಲು ಪುಸ್ತಕಗಳು ಡೆಮಿ 1/8 ಆಕಾರದಲ್ಲಿ ಅಚ್ಚಾಗುವುದರಿಂದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಉದ್ದ ಇರುತ್ತದೆ. ಟ್ಯಾಬಿನ ಡಬ್ಬಿಯ ಮೇಲೆ ಬರೆದಿರುವ 10.5 ಇಂಚು ಎಂಬುದು ಪರದೆಯ ಮೂಲೆಯಿಂದ ಮೂಲೆಗೆ ಹಿಡಿದ ಕರ್ಣದ ಅಳತೆಯೇ ಹೊರತು ಅಗಲವಲ್ಲ. 16ಕ್ಕೆ 10ರ ಪ್ರಮಾಣದ 10.5 ಇಂಚಿನ ಪರದೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ ಅದರ ಅಗಲ ಸುಮಾರು 5.6 ಇಂಚು, ಎತ್ತರ 8.9 ಇಂಚು. ಅಂದರೆ ಡೆಮಿ ಪುಟ ಹಿಗ್ಗದೆ ಕುಗ್ಗದೆ, ಅಚ್ಚಿನಲ್ಲಿ ಎಷ್ಟಿತ್ತೋ ಅಷ್ಟೇ ಗಾತ್ರದಲ್ಲಿ ಈ ಪರದೆಯ ಮೇಲೆ ಕೂರುತ್ತದೆ. ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಓದುವವರಿಗೆ ಇದಕ್ಕಿಂತ ಅನುಕೂಲವಾದ ಹೊಂದಾಣಿಕೆ ಬೇರೊಂದಿಲ್ಲ.

ಅದೇ ಪುಟವನ್ನು ಆರೂವರೆ ಇಂಚಿನ ಮೊಬೈಲಿನಲ್ಲಿ ತೆರೆದು ನೋಡಿ. ಮೊಬೈಲುಗಳು ಉದ್ದಕ್ಕೆ ಬೆಳೆದಿವೆಯೇ ಹೊರತು ಅಗಲಕ್ಕೆ ಬೆಳೆದಿಲ್ಲವಾದ್ದರಿಂದ, ಆ ಪರದೆಯ ಅಗಲ ಎರಡೂಮುಕ್ಕಾಲು ಇಂಚು ಕೂಡ ಇರುವುದಿಲ್ಲ. ಡೆಮಿ ಪುಟ ಅರ್ಧಕ್ಕಿಂತಲೂ ಕಡಿಮೆ ಗಾತ್ರಕ್ಕೆ ಇಳಿಯುತ್ತದೆ, ಕಣ್ಣು ಕಿರಿದಾಗುತ್ತದೆ, ಬೆರಳು ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯತೊಡಗುತ್ತದೆ. ನಲವತ್ತು ದಾಟಿ ಚಾಳೀಸು ಬಂದವರು ಮೊಬೈಲಿನಲ್ಲಿ ಸ್ಕ್ಯಾನ್ ಪುಸ್ತಕ ಓದುವುದನ್ನು ಎರಡೇ ಪುಟಕ್ಕೆ ಕೈಬಿಡುವುದಕ್ಕೆ ಇದೇ ಕಾರಣ. ಓದುವ ಆಸಕ್ತಿ ಕಡಿಮೆಯಾಯಿತೆಂದು ಅವರು ತಮ್ಮನ್ನೇ ದೂರಿಕೊಳ್ಳಬೇಕಾಗಿಲ್ಲ.

ನಡುವಿನ ಗಾತ್ರದ, 8.7 ಇಂಚಿನ ಟ್ಯಾಬುಗಳ ಪರದೆ ಸುಮಾರು 4.5 ಇಂಚು ಅಗಲ, 7.5 ಇಂಚು ಎತ್ತರ ಇರುತ್ತದೆ. ಇಡೀ ಡೆಮಿ ಪುಟಕ್ಕೆ ಇದು ಸಾಲದು. ಆದರೆ ಪುಟದ ಎರಡೂ ಬದಿಯ ಖಾಲಿ ಅಂಚನ್ನು ಬಿಟ್ಟರೆ ಅಕ್ಷರ ತುಂಬಿದ ಭಾಗ ಸಾಮಾನ್ಯವಾಗಿ ನಾಲ್ಕು ಇಂಚಿನ ಆಸುಪಾಸಿನಲ್ಲಿರುತ್ತದೆ. ಲಿಬ್ರೆರಾದಂತಹ ಓದುವ ಆ್ಯಪುಗಳಲ್ಲಿ ಈ ಅಂಚನ್ನು ಕತ್ತರಿಸಿ ತೋರಿಸುವ ಸೌಲಭ್ಯವಿದ್ದು, ಅದನ್ನು ಬಳಸಿದರೆ ಚಿಕ್ಕ ಟ್ಯಾಬಿನಲ್ಲಿಯೂ ಅಕ್ಷರ ಅಚ್ಚಿನ ಗಾತ್ರಕ್ಕೇ ಬರುತ್ತದೆ. ಈ ಒಂದು ಸೌಲಭ್ಯ ತಿಳಿಯದೆ ದೊಡ್ಡ ಟ್ಯಾಬಿಗೆ ಹೆಚ್ಚು ಹಣ ತೆತ್ತವರು ಅನೇಕರಿದ್ದಾರೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಓದುವವರ ಲೆಕ್ಕ ಬೇರೆ. ಅವರ ಟಿಪ್ಪಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು ಎಲ್ಲವೂ 8.3 ಇಂಚು ಅಗಲದ ಎ4 ಹಾಳೆಯವು. ಅಂಚು ತೆಗೆದರೆ ಸುಮಾರು 6.3 ಇಂಚು ಉಳಿಯುವುದರಿಂದ, 10.5 ಇಂಚಿನ ಪರದೆಯಲ್ಲಿ ಅಕ್ಷರ ತುಸು ಕುಗ್ಗಿದರೂ ಓದಲು ಅಡ್ಡಿಯಿಲ್ಲ, 8.7 ಇಂಚಿನದರಲ್ಲಿ 12 ಪಾಯಿಂಟ್ ಗಾತ್ರದ ಅಕ್ಷರ ಎಂಟೂವರೆಗೆ ಇಳಿಯುತ್ತದೆ, ಮೊಬೈಲಿನಲ್ಲಂತೂ ಐದಕ್ಕೆ. ಹೀಗಾಗಿ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಒಂದೇ: ಹತ್ತೂವರೆ ಇಂಚಿಗಿಂತ ಕಡಿಮೆಯದನ್ನು ನೋಡಬೇಡಿ. ದಿನಪತ್ರಿಕೆಯ ಇ-ಪೇಪರ್ ಪುಟವಾದರೋ ಯಾವ ಟ್ಯಾಬಿನಲ್ಲಿಯೂ ಇಡಿಯಾಗಿ ಓದಲು ಬರುವುದಿಲ್ಲ. ಇಡೀ ಪುಟದಲ್ಲಿ ತಲೆಬರಹಗಳನ್ನು ನೋಡಿಕೊಂಡು, ಬೇಕಾದ ಸುದ್ದಿಯ ಮೇಲೆ ಒತ್ತಿ ಅದನ್ನಷ್ಟೇ ಪಠ್ಯವಾಗಿ ತೆರೆಯುವ ರೂಢಿ ಮಾಡಿಕೊಳ್ಳಬೇಕು.

ಇನ್ನು ಕೆಲವರಿಗೆ ಟ್ಯಾಬಿನ ಅಗತ್ಯವೇ ಇಲ್ಲ. ನೀವು ಓದುವುದು ಮುಖ್ಯವಾಗಿ ಇ-ಪಬ್ ರೂಪದ ಕಥೆ ಕಾದಂಬರಿ, ಪ್ರತಿಲಿಪಿಯಂತಹ ಆ್ಯಪಿನ ಧಾರಾವಾಹಿ ಅಥವಾ ಜಾಲತಾಣದ ಲೇಖನವಾಗಿದ್ದರೆ, ಅಲ್ಲಿ ಪುಟಕ್ಕೆ ಸ್ಥಿರವಾದ ಅಗಲವೇ ಇರುವುದಿಲ್ಲ. ಅಕ್ಷರವನ್ನು ಹಿಗ್ಗಿಸಿದಂತೆಲ್ಲ ಸಾಲುಗಳು ತಾವಾಗಿಯೇ ಹೊಸದಾಗಿ ಜೋಡಣೆಯಾಗುತ್ತವೆ. ಅಂತಹ ಓದಿಗೆ ಕೈಯಲ್ಲಿರುವ ಮೊಬೈಲೇ ಸಾಕಾಗಬಹುದು. ಒಂದೇ ತೊಡಕೆಂದರೆ ಕನ್ನಡದ ಪದಗಳು ವಿಭಕ್ತಿ, ಸಂಧಿ, ಸಮಾಸಗಳಿಂದ ಉದ್ದವಾಗುವುದರಿಂದ, ಅಕ್ಷರವನ್ನು ಸ್ವಲ್ಪ ದೊಡ್ಡದಾಗಿ ಇಟ್ಟುಕೊಂಡ ಮೊಬೈಲಿನಲ್ಲಿ ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ಗದ್ಯಕ್ಕೆ ಇದು ಸಹ್ಯ, ಪದ್ಯಕ್ಕೆ ಅಲ್ಲ. ಭಾಮಿನಿ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳಲ್ಲಿ 23 ಮಾತ್ರೆಗಳಿದ್ದು ಉಳಿದ ನಾಲ್ಕರಲ್ಲಿ 14 ಮಾತ್ರ ಇರುವುದರಿಂದ, ಮೊಬೈಲಿನಲ್ಲಿ ಆ ಎರಡು ಉದ್ದದ ಪಾದಗಳು ಮುರಿದು ಬಿದ್ದು, ಆರು ಪಾದದ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ. ಗಮಕ ಕಲಿಯುವವರಿಗೆ, ಭಜನಾ ಮಂಡಳಿಯಲ್ಲಿ ನೋಡಿಕೊಂಡು ಹಾಡುವವರಿಗೆ ಇದು ನಿಜವಾದ ತೊಂದರೆ. ಪರದೆ ಅಗಲವಾದರೆ ಪಾದ ಪಾದವಾಗಿಯೇ ಉಳಿಯುತ್ತದೆ.

ಒತ್ತಕ್ಷರ ತೋರಿಸುವ ಪರದೆ

ಅಗಲದ ನಂತರ ನೋಡಬೇಕಾದದ್ದು ಪರದೆಯ ಸಾಂದ್ರತೆ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿಗಳಿವೆ ಎಂಬುದು. 1340ಕ್ಕೆ 800 ಎಂದು ಬರೆದಿರುವ 8.7 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 180 ಚುಕ್ಕಿಗಳು, 1920ಕ್ಕೆ 1200 ಎಂದಿರುವ 10.5 ಇಂಚಿನದರಲ್ಲಿ ಸುಮಾರು 215, ಒಳ್ಳೆಯ ಮೊಬೈಲಿನಲ್ಲಿ 400ರ ಆಸುಪಾಸು. ಇಂಗ್ಲಿಷ್ ಓದುವವರಿಗೆ 180 ಕೂಡ ನಡೆದೀತು. ಕನ್ನಡದಲ್ಲಿ ಮಾತ್ರ ಅಕ್ಷರದ ಕೆಳಗೆ ಒತ್ತು, ಒತ್ತಿನ ಪಕ್ಕಕ್ಕೆ ಇನ್ನೊಂದು ಒತ್ತು ಬರುತ್ತದೆ. ದಕಾರ ಧಕಾರಗಳಿಗೆ, ಪಕಾರ ಫಕಾರಗಳಿಗೆ ಇರುವ ಭೇದ ಕೆಳಗಿನ ಒಂದು ಸಣ್ಣ ಸೀಳಿನಷ್ಟು ಮಾತ್ರ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪುಸ್ತಕದ ಅಕ್ಷರ ಸುಮಾರು 2 ಮಿಲಿಮೀಟರ್ ಎತ್ತರವಿದ್ದರೆ ಇಂಚಿಗೆ 180 ಚುಕ್ಕಿಯ ಪರದೆಯಲ್ಲಿ ಅದಕ್ಕೆ ಸಿಗುವುದು ಹದಿನಾಲ್ಕು ಚುಕ್ಕಿಗಳು, ಅದರ ಅರ್ಧದಷ್ಟಿರುವ ಒತ್ತಿಗೆ ಏಳು, ಮಹಾಪ್ರಾಣದ ಸೀಳಿಗೆ ಒಂದೋ ಎರಡೋ. ಹಳೆಯ ಪುಸ್ತಕದ ಸ್ಕ್ಯಾನ್ ಆಗಿದ್ದು, ಮಸಿ ಸ್ವಲ್ಪ ಹರಡಿದ್ದರೆ, ರಾಷ್ಟ್ರ ಎಂಬಲ್ಲಿ ಷಕಾರದ ಕೆಳಗಿನ ಟಕಾರವೂ ರಕಾರವೂ ಒಂದೇ ಕಪ್ಪು ಗಂಟಾಗಿ ಕಾಣುತ್ತವೆ. ಸಂದರ್ಭದಿಂದ ಊಹಿಸಿ ಓದಬಹುದು, ನಿಜ. ಆದರೆ ಗಂಟೆಗಟ್ಟಲೆ ಊಹಿಸುತ್ತ ಓದುವುದರಿಂದ ಬರುವ ದಣಿವನ್ನು ಜನ ಟ್ಯಾಬಿನ ಬೆಳಕಿನ ಮೇಲೆ ಹಾಕುತ್ತಾರೆ. ಆದ್ದರಿಂದ ಸ್ಕ್ಯಾನ್ ಪ್ರತಿಗಳನ್ನೇ ಹೆಚ್ಚು ಓದುವವರು ಇಂಚಿಗೆ 200 ಚುಕ್ಕಿಗಿಂತ ಕಡಿಮೆಯ ಪರದೆಯನ್ನು ಅಗ್ಗಕ್ಕೆ ಸಿಕ್ಕರೂ ಬಿಡುವುದು ಲೇಸು. ಚಿಕ್ಕ ಟ್ಯಾಬುಗಳಲ್ಲಿ ಅಂಚು ಕತ್ತರಿಸುವ ಉಪಾಯ ಅಗಲದ ಕೊರತೆಯನ್ನು ನೀಗಿಸೀತು, ಸಾಂದ್ರತೆಯ ಕೊರತೆಯನ್ನು ನೀಗಿಸದು.

ಇ-ಇಂಕ್ ಪರದೆಯ ಕಿಂಡಲ್ ಜಾತಿಯ ಸಾಧನಗಳ ಬಗೆಗೂ ಇಲ್ಲಿಯೇ ಹೇಳಬೇಕು. ಅವುಗಳಲ್ಲಿ ಸಾಂದ್ರತೆ 300ರವರೆಗೆ ಇರುತ್ತದೆ, ಹಿಂದಿನಿಂದ ಬೆಳಕು ಹಾಯದೆ ಕಾಗದದಂತೆ ಹೊರಬೆಳಕನ್ನೇ ಹಿಂತಿರುಗಿಸುವುದರಿಂದ ಕಣ್ಣಿಗೆ ಹಿತ, ಬಿಸಿಲಿನಲ್ಲಿ ಓದು ಇನ್ನೂ ಸ್ಪಷ್ಟ, ಒಂದು ಚಾರ್ಜು ವಾರಗಟ್ಟಲೆ ಬರುತ್ತದೆ. ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆ ನಾನು ಟ್ಯಾಬಿಗಿಂತ ಅದನ್ನೇ ಹೇಳುತ್ತೇನೆ. ಕನ್ನಡ ಓದುಗರಿಗೆ ಮಾತ್ರ ಎರಡು ಅಡಚಣೆಗಳಿವೆ: ಆರು ಇಂಚಿನ ಇ-ಇಂಕ್ ಪರದೆಯ ಅಗಲ 3.6 ಇಂಚು ಮಾತ್ರವಾದ್ದರಿಂದ ಸ್ಕ್ಯಾನ್ ಪುಟಗಳು ಅದಕ್ಕೆ ಒಗ್ಗುವುದಿಲ್ಲ. ಮೈಲ್ಯಾಂಗ್, ಋತುಮಾನ ಮೊದಲಾದ ಕನ್ನಡದ ಇ-ಪುಸ್ತಕ ಮಳಿಗೆಗಳು ತಮ್ಮ ಪುಸ್ತಕಗಳನ್ನು ತಮ್ಮದೇ ಆ್ಯಪಿನ ಒಳಗೆ ಓದಿಸುವುದರಿಂದ, ಆ ಆ್ಯಪುಗಳನ್ನು ಹಾಕಿಕೊಳ್ಳಲು ಬಾರದ ಕಿಂಡಲ್‌ನಲ್ಲಿ ಅವುಗಳನ್ನು ತೆರೆಯಲಾಗದು.

ಏನನ್ನು, ಎಲ್ಲಿಂದ

ಟ್ಯಾಬ್ ಕೊಂಡ ಮೇಲೆ ಅದರಲ್ಲಿ ಓದುವುದೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿಕೊಂಡಿದ್ದರೆ ಒಳ್ಳೆಯದಿತ್ತು. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ, ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಡಿ ಸ್ಕ್ಯಾನ್ ಆದವೂ ಸೇರಿದಂತೆ ಕನ್ನಡದ ಹಳೆಯ ಪುಸ್ತಕಗಳು ಬಹಳಷ್ಟಿವೆ. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿ ವಚನಗಳನ್ನು ಅಚ್ಚು ಹಾಕಿದ ಫ. ಗು. ಹಳಕಟ್ಟಿಯವರ ಕಾಲದ ಮುದ್ರಣಗಳನ್ನು ಅಚ್ಚಿನ ರೂಪದಲ್ಲಿಯೇ ನೋಡಬೇಕೆನ್ನುವವರಿಗೆ ದೊಡ್ಡ ಪರದೆಯ ಟ್ಯಾಬು ಗ್ರಂಥಾಲಯಕ್ಕೆ ಹೋಗುವ ಕೆಲಸವನ್ನು ಎಷ್ಟೋ ಉಳಿಸುತ್ತದೆ. ವಚನದ ಪಠ್ಯ ಮಾತ್ರ ಸಾಕೆನ್ನುವವರಿಗೆ ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಹುಡುಕಲು ಬರುವಂತೆ ಸಿಗುತ್ತವೆ. ಇದರ ಜೊತೆಗೆ ಕನ್ನಡ ವಿಕಿಸೋರ್ಸ್, ರಾಜ್ಯ ಸರ್ಕಾರದ ಕಣಜ ಜಾಲತಾಣ, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಇವೆ.

ಪಿಡಿಎಫ್‌ಗಳಲ್ಲಿ ಒಂದು ವಿಷಯ ಗಮನಿಸಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ) ಅಲ್ಲದ ಫಾಂಟುಗಳಲ್ಲಿ ಸಿದ್ಧವಾದ ಕಡತಗಳು ನೋಡಲು ಸ್ವಚ್ಛವಾಗಿದ್ದರೂ, ಅವುಗಳೊಳಗೆ ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ, ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಟ್ಯಾಬು ಕೆಟ್ಟಿದೆಯೆಂದು ಅಂಗಡಿಗೆ ಓಡಬೇಕಾಗಿಲ್ಲ. ಕಡತ ಇರುವುದೇ ಹಾಗೆ. ದೊಡ್ಡ ಪರದೆಯ ಇನ್ನೊಂದು ಲಾಭವೆಂದರೆ, ಪರದೆಯನ್ನು ಎರಡಾಗಿ ಮಾಡಿ ಒಂದು ಬದಿಗೆ ಪುಸ್ತಕವನ್ನೂ ಇನ್ನೊಂದು ಬದಿಗೆ ಅಲರ್‌ನಂತಹ ನಿಘಂಟನ್ನೂ ತೆರೆದಿಟ್ಟುಕೊಂಡು ಓದಬಹುದು. ಹಳಗನ್ನಡವನ್ನು ಮೊದಲ ಬಾರಿಗೆ ಓದಲು ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಂಗಡಿಗೆ ಹೋಗುವಾಗ ನೀವು ನಿಜವಾಗಿ ಓದುವ ಮೂರು ಕಡತಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ: ಒಂದು ಹಳೆಯ ಸ್ಕ್ಯಾನ್, ಒಂದು ಎ4 ಟಿಪ್ಪಣಿ, ಒಂದು ಇ-ಪೇಪರ್ ಪುಟ. ಪ್ರದರ್ಶನಕ್ಕಿಟ್ಟ ಟ್ಯಾಬಿಗೆ ಅವುಗಳನ್ನು ಕಳಿಸಿ ತೆರೆಯಿರಿ. ಅಂಗಡಿಯಲ್ಲಿ ಯಾವಾಗಲೂ ಹೊಳೆಯುವ ವಿಡಿಯೊ ಓಡುತ್ತಿರುತ್ತದೆ; ಅದರಲ್ಲಿ ಯಾವ ಪರದೆಯೂ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಕಡತದಲ್ಲಿ ಒತ್ತಕ್ಷರ ಹೆಚ್ಚಿರುವ ಒಂದು ಪುಟಕ್ಕೆ ಹೋಗಿ, ಪರದೆಯನ್ನು ಮುಖದಿಂದ ಮೊಳಕ್ಕೆ ಸ್ವಲ್ಪ ಕಡಿಮೆ, ಅಂದರೆ 40 ಸೆಂಟಿಮೀಟರ್ ದೂರ ಹಿಡಿದು, ಹಿಗ್ಗಿಸದೆ ಓದಿ. ಪುಟಗಳನ್ನು ಬೇಗ ಬೇಗ ತಿರುವಿ. ನೂರು ಎಂಬಿಯ ಸ್ಕ್ಯಾನ್ ಕಡತದಲ್ಲಿ ಪುಟ ತಿರುವಿದಾಗಲೆಲ್ಲ ಪರದೆ ಕ್ಷಣಕಾಲ ಬೆಳ್ಳಗೆ ನಿಂತುಬಿಟ್ಟರೆ, ಆ ಸಾಧನದ ಪ್ರೊಸೆಸರ್ ಅಥವಾ ರ‍್ಯಾಮ್ ಸಾಲದೆಂದು ಅರ್ಥ. 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹಕ್ಕಿಂತ ಕಡಿಮೆಯದನ್ನು ಇಂದು ಕೊಳ್ಳುವುದರಲ್ಲಿ ಅರ್ಥವಿಲ್ಲ. ಮೆಮೊರಿ ಕಾರ್ಡ್ ಹಾಕಲು ಜಾಗವಿದ್ದರೆ ಅದಕ್ಕಿಂತ ಹೆಚ್ಚಿನದೂ ಬೇಕಿಲ್ಲ.

ಭಾರದ ವಿಚಾರವನ್ನು ಜನ ಅಂಗಡಿಯಲ್ಲಿ ಮರೆತು ಮನೆಗೆ ಬಂದ ಮೇಲೆ ನೆನೆಸಿಕೊಳ್ಳುತ್ತಾರೆ. ಇನ್ನೂರು ಪುಟದ ಡೆಮಿ ಪುಸ್ತಕ ಸುಮಾರು 230 ರಿಂದ 250 ಗ್ರಾಂ ತೂಗುತ್ತದೆ. 8.7 ಇಂಚಿನ ಟ್ಯಾಬು 350 ಗ್ರಾಂ ಹತ್ತಿರ, ಹತ್ತೂವರೆ ಹನ್ನೊಂದು ಇಂಚಿನದು ಅರ್ಧ ಕಿಲೋ ಹತ್ತಿರ. ಅದರ ಮೇಲೆ ಕವಚ ಹಾಕಿದರೆ ಭಾರ ಇನ್ನಷ್ಟು ಏರುತ್ತದೆ. ಮೇಜಿನ ಮೇಲೆ ಒರಗಿಸಿಟ್ಟು, ಅಥವಾ ವ್ಯಾಸಪೀಠದ ಮೇಲಿಟ್ಟು ಓದುವವರಿಗೆ ಇದು ದೊಡ್ಡ ಮಾತಲ್ಲ. ಹೊರಸಿನ ಮೇಲೆ ಮಲಗಿ ಓದುವವರಿಗೆ, ಗೋಳಗುಮ್ಮಟ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ದೀಪ ಆರಿದ ಮೇಲೂ ಓದುವ ಹಟವಿರುವವರಿಗೆ ಇದು ಮಹತ್ವದ್ದೇ. ನಿದ್ದೆಯ ಮಂಪರಿನಲ್ಲಿ ಅರ್ಧ ಕಿಲೋ ಗಾಜು ಮೂಗಿನ ಮೇಲೆ ಬಿದ್ದವರಿಗೆ ವಿವರಿಸಬೇಕಾಗಿಲ್ಲ. ಟ್ಯಾಬು ಕೊಳ್ಳುವ ಮೊದಲು ಒಂದು ಸಂಜೆ ಅಷ್ಟೇ ತೂಕದ, ಅಷ್ಟೇ ಅಗಲದ ಪುಸ್ತಕವೊಂದನ್ನು ನೀವು ಓದುವ ಭಂಗಿಯಲ್ಲಿಯೇ ಅರ್ಧ ಗಂಟೆ ಹಿಡಿದು ನೋಡಿದರೆ, ನಿಮ್ಮ ಮಣಿಕಟ್ಟು ಎಷ್ಟು ಇಂಚಿಗೆ ಒಪ್ಪುತ್ತದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ.

ಸಿಮ್ ಹಾಕುವ ಮಾದರಿ ಬೇಕೇ, ವೈಫೈ ಮಾತ್ರ ಸಾಕೇ ಎಂಬುದು ಇನ್ನೊಂದು ಪ್ರಶ್ನೆ. ಓದಿಗೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು, ಪುಸ್ತಕಗಳನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ಜಾಲದ ಅಗತ್ಯವೇ ಬೀಳುವುದಿಲ್ಲ. ಸಿಮ್ ಇಲ್ಲದ ಟ್ಯಾಬಿನಲ್ಲಿ ಯುಪಿಐ ಪಾವತಿ, ಬ್ಯಾಂಕಿನ ಓಟಿಪಿ ಇವುಗಳನ್ನು ನಿರೀಕ್ಷಿಸಬಾರದಷ್ಟೆ.

ಬಿಸಿಲು, ಧೂಳು, ಕರೆಂಟು

ಈ ಭಾಗದಲ್ಲಿ ಟ್ಯಾಬು ಬಳಸುವವರು ಉಳಿದೆಡೆಯವರಿಗಿಂತ ಹೆಚ್ಚು ಜಾಗ್ರತೆ ವಹಿಸಬೇಕಾದ ವಿಷಯವೆಂದರೆ ಬಿಸಿಲು. ಐಪ್ಯಾಡನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಕಂಪನಿ ಹೇಳುತ್ತದೆ; ಉಳಿದ ಟ್ಯಾಬುಗಳಲ್ಲಿಯೂ ಇರುವುದು ಅದೇ ಜಾತಿಯ ಲಿಥಿಯಂ ಬ್ಯಾಟರಿ. ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ನಮಗೆ ಸುದ್ದಿಯೇ ಅಲ್ಲ. ಮಣ್ಣಿನ ಮಾಳಿಗೆಯ ಹಳೆಯ ಮನೆಯ ಪಡಸಾಲೆ ತಂಪಾಗಿದ್ದೀತು. ತಗಡಿನ ಸೂರಿನ ಕೋಣೆಯಲ್ಲಿ, ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಹೊರಗಿನಷ್ಟೇ ಧಗೆ ಇರುತ್ತದೆ. ಲಿಥಿಯಂ ಬ್ಯಾಟರಿಯ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಬಿಸಿ, ಅದರಲ್ಲಿಯೂ ಪೂರ್ತಿ ಚಾರ್ಜಾದ ಸ್ಥಿತಿಯಲ್ಲಿ ತಗಲುವ ಬಿಸಿ. ಹಾಗಾಗಿ ಬೇಸಿಗೆಯಲ್ಲಿ ನಸುಕಿನಲ್ಲಿ ಅಥವಾ ರಾತ್ರಿ ಊಟದ ನಂತರ ಚಾರ್ಜ್ ಮಾಡಿ, ಚಾರ್ಜಿಗಿಟ್ಟಾಗ ರಬ್ಬರಿನ ಕವಚ ತೆಗೆಯಿರಿ, ನೂರಕ್ಕೆ ನೂರು ತುಂಬಿಸುವ ಬದಲು ಎಂಬತ್ತಕ್ಕೆ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದ್ದರೆ ಅದನ್ನು ಆರಿಸಿಕೊಳ್ಳಿ. ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ, ಬೈಕಿನ ಡಿಕ್ಕಿಯಲ್ಲಿ ಟ್ಯಾಬನ್ನು ಬಿಟ್ಟು ಹೋಗಲೇಬಾರದು. ಕಾದ ಟ್ಯಾಬನ್ನು ಫ್ರಿಜ್ಜಿನಲ್ಲಿಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಒಳಗೆ ನೀರಹನಿ ಕಟ್ಟಿ ಇರುವುದೂ ಹೋಗುತ್ತದೆ. ನೆರಳಿನಲ್ಲಿ ಫ್ಯಾನಿನ ಕೆಳಗೆ ಆರಿಸಿ ಇಟ್ಟರೆ ಸಾಕು.

ಹೊಲದ ಬದುವಿನಲ್ಲೋ ಬೇವಿನ ಮರದಡಿಯಲ್ಲೋ ಕೂತು ಓದುವ ಆಸೆಯಿರುವವರು ಇನ್ನೊಂದು ಮಾತನ್ನು ತಿಳಿದಿರಬೇಕು. ಸಾಮಾನ್ಯ ಟ್ಯಾಬುಗಳ ಪರದೆಯ ಬೆಳಕು 400 ನಿಟ್ಸ್ ಸುತ್ತಮುತ್ತ ಇರುತ್ತದೆ, ನಮ್ಮ ಬಯಲಿನ ಬಿಸಿಲಿನ ಮುಂದೆ ಅದು ಏನೇನೂ ಅಲ್ಲ. ಬಯಲಿನಲ್ಲಿ ಪರದೆಯೊಳಗೆ ನಿಮ್ಮ ಮುಖವೇ ಕಾಣುತ್ತದೆ. ಗಾಢವಾದ ನೆರಳಿನಲ್ಲಿ, ಬೆನ್ನನ್ನು ಗೋಡೆಯ ಕಡೆಗೆ ಮಾಡಿ ಕೂತರೆ ಹೇಗೋ ಓದಬಹುದು. ಆದರೆ ಬೆಳಕನ್ನು ಪೂರ್ತಿ ಏರಿಸಬೇಕಾಗುವುದರಿಂದ ಎಂಟು ಹತ್ತು ಗಂಟೆ ಬರಬೇಕಾದ ಬ್ಯಾಟರಿ ಬೇಗನೆ ಬರಿದಾಗುತ್ತದೆ. ಹೊರಗೆ ಓದಲು ಕಾಗದದ ಪುಸ್ತಕವನ್ನೇ ಒಯ್ಯಿರಿ.

ಎರೆಮಣ್ಣಿನ ಧೂಳು ಸಣ್ಣದು. ಪರದೆಯನ್ನು ಧೋತರದ ಅಂಚಿನಿಂದಲೋ ಸೆರಗಿನಿಂದಲೋ ಒರೆಸಿದರೆ ಧೂಳಿನ ಕಣಗಳೇ ಗೀರು ಹಾಕುತ್ತವೆ. ಮೊದಲು ಊದಿ ಅಥವಾ ಮೃದುವಾದ ಕುಂಚದಿಂದ ಝಾಡಿಸಿ, ಆಮೇಲೆ ಕನ್ನಡಕದ ಬಟ್ಟೆಯಿಂದ ಒರೆಸಿ. ಚಾರ್ಜಿನ ತೂತಿನಲ್ಲಿ ಧೂಳು ಕೂತು ವೈರು ಸಡಿಲವಾಗುವುದು ಇಲ್ಲಿ ಸಾಮಾನ್ಯವಾದ ದೂರು, ಟ್ಯಾಬನ್ನು ಆರಿಸಿ ಒಣ ಮರದ ಹಲ್ಲುಕಡ್ಡಿಯಿಂದ ನಯವಾಗಿ ತೆಗೆದರೆ ರಿಪೇರಿಗೆ ಕೊಡುವ ಅಗತ್ಯ ಬಹಳ ಸಲ ಬೀಳುವುದಿಲ್ಲ. ಪರದೆಗೆ ಹೊಳಪಿಲ್ಲದ ಮ್ಯಾಟ್ ಹಾಳೆ ಅಂಟಿಸುವ ಮುನ್ನ ಯೋಚಿಸಿ: ಪ್ರತಿಬಿಂಬ ಕಡಿಮೆಯಾಗುವುದು ನಿಜ, ಆದರೆ ಅಕ್ಷರದ ಅಂಚು ಮಸುಕಾಗಿ ಒತ್ತುಗಳ ವಿಷಯದಲ್ಲಿ ಮೇಲೆ ಹೇಳಿದ ತೊಂದರೆ ಹಿಂತಿರುಗುತ್ತದೆ.

ಕರೆಂಟು ಹೋದಾಗ ಟ್ಯಾಬು ತನ್ನ ಬೆಳಕಿನಲ್ಲಿ ತಾನೇ ಓದಿಸುತ್ತದೆ ಎಂಬುದು ಹಳ್ಳಿಯಲ್ಲಿ ಅದರ ದೊಡ್ಡ ಗುಣ. ಕತ್ತಲಲ್ಲಿ ಪರದೆಯೊಂದೇ ಉರಿಯುವಂತೆ ಓದುವುದು ಮಾತ್ರ ಕಣ್ಣಿಗೆ ಹಿತವಲ್ಲ. ಬೆಳಕನ್ನು ಕೆಳಗಿಳಿಸಿ, ಬಣ್ಣವನ್ನು ಹಳದಿಯತ್ತ ತಿರುಗಿಸಿ, ಸಾಧ್ಯವಾದರೆ ಹಿಂದೆ ಒಂದು ಚಿಕ್ಕ ದೀಪ ಇಟ್ಟುಕೊಳ್ಳಿ.

ಕಣ್ಣು

ಟ್ಯಾಬು ಕಣ್ಣು ಕೆಡಿಸುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರವೆಂದರೆ, ದಣಿಸುತ್ತದೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಗಾಳಿಯೇ ಒಣಗಿರುವ ನಮ್ಮ ಬೇಸಿಗೆಯಲ್ಲಿ, ಮುಖಕ್ಕೆ ಫ್ಯಾನು ಬಿಟ್ಟುಕೊಂಡು ಕೂತರೆ ಉರಿ ಇನ್ನೂ ಬೇಗ ಶುರುವಾಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರತಜ್ಞರು ಹೇಳುವ ಸೂತ್ರ ಸರಳವಾದದ್ದು, ಅಂಗಳದ ಗಿಡ ಅದಕ್ಕೆ ಸಾಕು. ನೀಲಿ ಬೆಳಕು ತಡೆಯುವ ವಿಶೇಷ ಕನ್ನಡಕವನ್ನು ಅಂಗಡಿಯವರು ಒತ್ತಾಯಿಸಿದರೆ ಆ ಹಣದಲ್ಲಿ ಚಾಳೀಸಿನ ನಂಬರನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಪರದೆ ಬಳಸುವವರಿಗೆ ಅಂತಹ ಕನ್ನಡಕ ಬೇಕೆಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ ಶಿಫಾರಸು ಮಾಡುವುದಿಲ್ಲ. ನಂಬರು ಸರಿಯಿಲ್ಲದ ಕನ್ನಡಕದಿಂದ ಬರುವ ತಲೆನೋವನ್ನು ಯಾವ ಪರದೆಯೂ ಪರಿಹರಿಸದು.

ಓದಲು ಕಣ್ಣು ಸಹಕರಿಸದ ಹಿರಿಯರಿಗೆ ಟ್ಯಾಬು ಓದಿ ಹೇಳಬಲ್ಲದು. ಆಂಡ್ರಾಯ್ಡಿನ ಸೆಟ್ಟಿಂಗ್ಸ್‌ನಲ್ಲಿ ಪಠ್ಯವನ್ನು ಧ್ವನಿಯಾಗಿಸುವ ವಿಭಾಗಕ್ಕೆ ಹೋಗಿ ಕನ್ನಡದ ಧ್ವನಿಯನ್ನು ಇಳಿಸಿಕೊಂಡರೆ, ಯೂನಿಕೋಡ್ ಪಠ್ಯವಿರುವ ಲೇಖನವನ್ನೂ ಇ-ಪಬ್ ಪುಸ್ತಕವನ್ನೂ ಅದು ಓದುತ್ತದೆ. ಉಚ್ಚಾರ ಯಂತ್ರದ್ದೇ, ಪದ್ಯವನ್ನಂತೂ ಅದರ ಬಾಯಿಂದ ಕೇಳಬಾರದು, ಸುದ್ದಿಗೆ ಅಡ್ಡಿಯಿಲ್ಲ. ಸ್ಕ್ಯಾನ್ ಪುಟ ಬರಿಯ ಚಿತ್ರವಾದ್ದರಿಂದ ಅದನ್ನು ಹೀಗೆ ಓದಿಸಲಾಗದು.

ಮನೆಯ ಉಳಿದ ಬಳಕೆ

ಮನೆಯಲ್ಲಿ ಟ್ಯಾಬಿದ್ದ ಮೇಲೆ ಅದು ಓದಿಗೆ ಮಾತ್ರ ಉಳಿಯುವುದಿಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳೊಂದಿಗೆ ವಿಡಿಯೊ ಕರೆ, ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳ ವೀಕ್ಷಣೆ, ಅಡುಗೆಮನೆಯಲ್ಲಿ ಹೊಸ ತಿನಿಸಿನ ವಿಧಾನ ನೋಡಿಕೊಳ್ಳುವುದು, ಇವೆಲ್ಲಕ್ಕೂ ಮೊಬೈಲಿಗಿಂತ ಅದೇ ವಾಸಿ. ವಿಡಿಯೊ ಕರೆಗೇ ಹೆಚ್ಚು ಬಳಸುವುದಾದರೆ ಮುಂದಿನ ಕ್ಯಾಮೆರಾ ಪರದೆಯ ಉದ್ದನೆಯ ಅಂಚಿನಲ್ಲಿರುವುದನ್ನು ಆರಿಸಿ, ಅಡ್ಡಲಾಗಿ ನಿಲ್ಲಿಸಿದಾಗ ಮುಖ ನಡುವೆ ಬರುತ್ತದೆ. ಬರೆಯುವ ಕೆಲಸ ಸ್ವಲ್ಪ ಇದ್ದರೆ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಬೆರಳಿನಿಂದ ಗೀಚಿ ಬರೆಯುವ ಮತ್ತು ಮಾತಾಡಿ ಬರೆಸುವ ಎರಡೂ ಸೌಲಭ್ಯಗಳಿವೆ; ಕೀಲಿಮಣೆ ಕಲಿಯದ ಹಿರಿಯರಿಗೆ ಬೆರಳಿನ ಬರಹ ಬೇಗ ಒಗ್ಗುತ್ತದೆ. ದಿನಕ್ಕೆ ನಾಲ್ಕಾರು ಪುಟ ಬರೆಯುವವರು ಲ್ಯಾಪ್‌ಟಾಪನ್ನೇ ಕೊಳ್ಳಬೇಕು.

ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ, ಅದಕ್ಕಿಂತ ಚಿಕ್ಕವರಿಗೆ ಬೇಡವೇ ಬೇಡವೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಊಟ ಮಾಡಿಸಲು ಟ್ಯಾಬು ಕೊಡುವ ಮನೆಗಳಲ್ಲಿ ಆ ಟ್ಯಾಬು ಮತ್ತೆ ಓದುವವರ ಕೈಗೆ ಬರುವುದಿಲ್ಲ, ಇದನ್ನು ಅನೇಕ ಕಡೆ ನೋಡಿದ್ದೇನೆ. ಬಳಕೆದಾರರ ಖಾತೆಯನ್ನು ಬೇರೆ ಮಾಡಿ ಗುಪ್ತಸಂಖ್ಯೆ ಹಾಕಿಡಿ, ಓದುವ ಖಾತೆಯಲ್ಲಿ ನೋಟಿಫಿಕೇಶನ್‌ಗಳನ್ನೆಲ್ಲ ನಿಲ್ಲಿಸಿಡಿ. ವಾಟ್ಸ್ಆ್ಯಪ್ ಮೊಬೈಲಿನಲ್ಲಿಯೇ ಇರಲಿ.

ಟ್ಯಾಬು ಕೈಗೆ ಬಂದ ಮೊದಲ ವಾರದಲ್ಲಿಯೇ ಪುಸ್ತಕಗಳಿಗೊಂದು ಫೋಲ್ಡರ್ ಮಾಡಿ, ಇಳಿಸಿದ ಪ್ರತಿ ಕಡತದ ಹೆಸರನ್ನು ಲೇಖಕರು, ಕೃತಿ, ಮುದ್ರಣದ ವರ್ಷ ಎಂಬ ಕ್ರಮದಲ್ಲಿ ಕನ್ನಡದಲ್ಲಿಯೇ ಬದಲಿಸಿ. ಆರ್ಕೈವಿನಿಂದ ಇಳಿಯುವ ಕಡತಗಳು ಬರಿಯ ಅಂಕಿಗಳ ಹೆಸರಿನಲ್ಲಿ ಬರುವುದುಂಟು. ಅವು ಐವತ್ತಾದ ಮೇಲೆ ಯಾವುದರಲ್ಲಿ ಏನಿದೆಯೆಂದು ಒಂದೊಂದಾಗಿ ತೆರೆದು ನೋಡಬೇಕಾಗುತ್ತದೆ. ಫೋಲ್ಡರನ್ನು ಮೆಮೊರಿ ಕಾರ್ಡಿನಲ್ಲಿ ಇಟ್ಟು, ತಿಂಗಳಿಗೊಮ್ಮೆ ಮನೆಯ ಕಂಪ್ಯೂಟರಿಗೋ ಪೆನ್‌ಡ್ರೈವಿಗೋ ನಕಲು ಮಾಡಿಕೊಂಡರೆ, ಮೂರು ನಾಲ್ಕು ವರ್ಷಗಳ ನಂತರ ಟ್ಯಾಬನ್ನು ಬದಲಿಸುವಾಗ ಹೊಸದರಲ್ಲಿ ಓದನ್ನು ಅದೇ ದಿನ ಮುಂದುವರಿಸಬಹುದು.